ಸೀತ್ಲಿಗೆ ಸಿಗದ ಓಟು

ಮೆಣಸಿನಕಾಯಿ ವ್ಯಾಪಾರಕ್ಕೆ ಹೆಸರಾದ ಒಂದು ಊರು. ಅಲ್ಲಿಯ ಸರಕಾರಿ ಶಾಲೆಯಲ್ಲಿ ಕುಸುಮಾ ಎಂಬ ಶಿಕ್ಷಕಿ ಇದ್ದರು. ಮಕ್ಕಳ ಬಾಯಲ್ಲಿ ಅವರು ಕುಸುಮಕ್ಕೋರು. ಆರನೇ ತರಗತಿಗೆ ಸಮಾಜ ವಿಜ್ಞಾನ ಕಲಿಸುತ್ತಿದ್ದರು.

ತರಗತಿ ಒಂದೇ ಆದರೂ ಮಕ್ಕಳು ಒಂದೇ ಬಗೆಯವರಲ್ಲ. ಒಮ್ಮೆ ಓದಿದ್ದನ್ನು ಗಡಗಡ ಒಪ್ಪಿಸುವವರಿದ್ದರು. ಕಿವಿ ಮಂದ ಇದ್ದವನೊಬ್ಬನಿದ್ದ. ಮನೆಯಲ್ಲಿ ಬೇರೆ ಭಾಷೆ ಆಡಿ, ಶಾಲೆಯಲ್ಲಿ ಕನ್ನಡಕ್ಕೆ ತಡವರಿಸುವವರಿದ್ದರು. ಅಂಥವರಲ್ಲಿ ಸೀತ್ಲಿ ಒಬ್ಬಳು. ಲಂಬಾಣಿ ತಾಂಡಾದ ಹುಡುಗಿ. ಅವಳ ಅವ್ವ ಥಾವರಿಬಾಯಿ ಸುಗ್ಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಈ ಊರಿಗೆ ಬಂದಿದ್ದಳು. ಕೂಲಿ ಇದ್ದಲ್ಲಿ ಮನೆ, ಮನೆ ಇದ್ದಲ್ಲಿ ಶಾಲೆ. ಹೀಗಾಗಿ ಸೀತ್ಲಿಗೆ ಅಕ್ಷರ ತಲೆಗೆ ಹತ್ತಿರಲೇ ಇಲ್ಲ. ಆದರೆ ಕಿವಿಗೆ ಬಿದ್ದದ್ದನ್ನು ಅವಳು ಮರೆಯುತ್ತಿರಲಿಲ್ಲ.

ಚುನಾವಣೆಯ ಪಾಠ ನಡೆದಾಗ ಅಕ್ಕೋರು ಹೇಳಿದರು: "ಬಡವರಿರಲಿ, ಸಾವ್ಕಾರರಿರಲಿ, ಓದಿದವರಿರಲಿ, ಓದದವರಿರಲಿ, ದೊಡ್ಡವರಾದ ಮ್ಯಾಲೆ ಎಲ್ಲಾರಿಗೂ ಒಂದೊಂದು ಓಟು."

ಸೀತ್ಲಿ ಕಣ್ಣು ಪಿಳುಕಿಸದೆ ಕೇಳಿದಳು. ಆ ದಿನವೆಲ್ಲ ಅದೇ ಮಾತು ಗುನುಗುತ್ತಿದ್ದಳು.

ಮರುದಿನ ತರಗತಿಯ ಮುಂದಾಳನ್ನು ಆರಿಸಲು ತರಗತಿಯಲ್ಲೇ ಚುನಾವಣೆ. ಮಲ್ಲಮ್ಮ ಎಂಬ ಹುಡುಗಿಯೂ ಇನ್ನಿಬ್ಬರೂ ನಿಂತಿದ್ದರು. ಬೇಕಾದವರ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಬೇಕು. ಫೋಟೊ ತೆಗೆದು ಮೇಲಿನವರಿಗೆ ಕಳಿಸಲೆಂದು ಹೆಡ್ ಮಾಸ್ತರರು ಮೊಬೈಲ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಗಂಟೆ ಹೊಡೆಯುವ ಹೊತ್ತು ಹತ್ತಿರವಾಗಿತ್ತು.

"ಬರ್ಯಾಕ ಬರಲಾರದವರು ಗ್ವಾಡಿ ಕಡೆ ಕೂಡ್ರಿ. ಗೆದ್ದವರಿಗೆ ಚಪ್ಪಾಳಿ ತಟ್ಟೋದು ನಿಮ್ಮ ಕೆಲಸ," ಎಂದರು ಅಕ್ಕೋರು.

ಕೆಲವರು ಎದ್ದು ಗೋಡೆಯ ಕಡೆ ಹೋದರು. ಸೀತ್ಲಿ ಹೋಗಲಿಲ್ಲ.

"ಅಕ್ಕೋರ, ನಾ ಹೆಸರ ಹೇಳ್ತೀನ್ರಿ. ನೀವ ಬರೀರಿ."

"ಓಟು ಗುಟ್ಟಿಂದು. ಬಾಯಿಬಿಟ್ಟು ಹೇಳಂಗಿಲ್ಲ."

"ನಮ್ಮಜ್ಜಿಗೂ ಬರ್ಯಾಕ ಬರೂದಿಲ್ರಿ. ಆಕಿ ಚಿತ್ರ ನೋಡಿ ಹಾಕ್ತಾಳ್ರಿ."

ಮಕ್ಕಳು ಗೊಳ್ಳೆಂದು ನಕ್ಕರು. ಹುಡುಗಿ ಹೇಳಿದ್ದು ಸರಿ ಎಂದು ಕುಸುಮಕ್ಕೋರಿಗೆ ಆ ಗಳಿಗೆಯಲ್ಲೇ ಹೊಳೆಯಿತು. ಹಲಗೆಯ ಮೇಲೆ ಮೂರು ಚಿತ್ರ ಬರೆದಿದ್ದರೆ ಸಾಕಿತ್ತು. ಆದರೆ ಬಾಗಿಲಲ್ಲಿ ಹೆಡ್ ಮಾಸ್ತರರು ಕೈಗಡಿಯಾರ ನೋಡುತ್ತಿದ್ದರು.

"ಅದು ಬ್ಯಾರೆ, ಇದು ಬ್ಯಾರೆ. ಸುಮ್ನ ಹೋಗಿ ಕೂಡು," ಎಂದುಬಿಟ್ಟರು ಅಕ್ಕೋರು.

ಮಲ್ಲಮ್ಮ ಗೆದ್ದಳು. ಚಪ್ಪಾಳೆ ಬಿತ್ತು, ಫೋಟೊ ಆಯಿತು. ಗೋಡೆಗೆ ಒರಗಿದ್ದ ಸೀತ್ಲಿಯ ಕೈಗಳು ಮಾತ್ರ ಅವಳ ಮಡಿಲಲ್ಲೇ ಇದ್ದವು. ನಾಳೆ ಕರೆದು ಸಮಾಧಾನ ಹೇಳಿದರಾಯಿತು ಎಂದುಕೊಂಡರು ಅಕ್ಕೋರು.

ಮರುದಿನ ಸೀತ್ಲಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಪರೀಕ್ಷೆಯ ಕೆಲಸ, ಸಭೆ, ಅದು ಇದು ಎಂದು ಅಕ್ಕೋರೂ ಹೋಗಿ ವಿಚಾರಿಸಲಿಲ್ಲ. ಕೊನೆಗೆ ಮನಸ್ಸು ತಡೆಯದೆ ಒಂದು ಸಂಜೆ ಮೆಣಸಿನಕಾಯಿ ಅಂಗಳಕ್ಕೆ ನಡೆದರು. ಕೆಂಪು ರಾಶಿಗಳ ನಡುವೆ ಹೆಂಗಸರು ಸಾಲಾಗಿ ಕೂತಿದ್ದರು. ಅವರ ನಡುವೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೀತ್ಲಿ ತೊಟ್ಟು ಬಿಡಿಸುತ್ತಿದ್ದಳು. ಘಾಟಿಗೆ ಅವಳ ಕಣ್ಣುಗಳು ಕೆಂಡದಂತಾಗಿದ್ದವು.

ಥಾವರಿಬಾಯಿ ಎದ್ದು ನಿಂತಳು. "ನಾ ಸಾಲಿ ಬಿಡಿಸಿಲ್ರಿ ಅಕ್ಕೋರ. ಬಡದೆ, ಬೈದೆ. ವಲ್ಲೆ ಅಂತಾಳ. ಸಾಲ್ಯಾಗ ಬರ್ಯಾಕ ಬರೋರನ್ನಷ್ಟ ಎಣಸ್ತಾರಂತ."

ಕುಸುಮಕ್ಕೋರು ಸೀತ್ಲಿಯ ಎದುರು ಕುಕ್ಕರಗಾಲಲ್ಲಿ ಕೂತರು. ಕೆಮ್ಮು ಒತ್ತರಿಸಿ ಬಂತು.

"ತಪ್ಪು ನಂದವ್ವ. ಇನ್ನೊಮ್ಮೆ ಚುನಾವಣಿ ಮಾಡೂಣು. ಚಿತ್ರ ಇಟ್ಟು ಮಾಡೂಣು. ಬಾ."

ಸೀತ್ಲಿ ತಲೆ ಎತ್ತದೆ ಕೇಳಿದಳು, "ಯಾರಿಗ ಹಾಕೂದು ಈಗ? ಮಲ್ಲಮ್ಮ ಗೆದ್ದಾಳಲ್ರಿ."

"ಹೌದು, ಗೆದ್ದಾಳ."

"ನಾನೂ ಆಕೀಗೇ ಹಾಕ್ತಿದ್ನಿ."

ಅಷ್ಟು ಹೇಳಿ ಅವಳು ಮತ್ತೊಂದು ಹಿಡಿ ಕಾಯಿ ಎಳೆದುಕೊಂಡಳು. ಅಕ್ಕೋರು ಎಷ್ಟು ಕರೆದರೂ ತೊಟ್ಟು ಬಿಡಿಸುತ್ತಲೇ ಇದ್ದಳು.

ಮರುವಾರ ಶಾಲೆಯಲ್ಲಿ ಮತ್ತೆ ಚುನಾವಣೆ ನಡೆಯಿತು. ಕೊಡ, ಛತ್ರಿ, ಚಕ್ಕಡಿ ಎಂದು ಚಿತ್ರ ಬರೆದು, ಕನ್ನಡ ಬಾರದವರಿಗೆ ಗೆಳೆಯರಿಂದ ಹೇಳಿಸಿ, ಕಿವಿ ಮಂದ ಇದ್ದವನಿಗೆ ಕೈಸನ್ನೆಯಲ್ಲಿ ತಿಳಿಸಿ ಮಾಡಿದರು. ಗೋಡೆಯ ಕಡೆ ಈ ಸಲ ಯಾರೂ ಕೂರಲಿಲ್ಲ. ಮಕ್ಕಳು ಕುಣಿದಾಡಿದರು. ಅದನ್ನು ಹೇಳಿ ಸೀತ್ಲಿಯನ್ನು ಕರೆತರೋಣವೆಂದು ಶಾಲೆ ಬಿಟ್ಟೊಡನೆ ಅಕ್ಕೋರು ಅಂಗಳಕ್ಕೆ ಓಡಿದರು. ಅಲ್ಲಿ ರಾಶಿ ಇರಲಿಲ್ಲ. ಸುಗ್ಗಿ ಮುಗಿದಿತ್ತು. ಕೂಲಿಯವರು ಬೆಳಿಗ್ಗೆಯೇ ಲಾರಿ ಹತ್ತಿ ಹೋದರು ಎಂದ ಕಾವಲುಗಾರ. ಯಾವ ಊರಿಗೆ ಎಂದು ಅವನಿಗೂ ಗೊತ್ತಿರಲಿಲ್ಲ.

ಕುಸುಮಕ್ಕೋರು ಮುಂದೆ ಬಹಳ ವರ್ಷ ಪಾಠ ಮಾಡಿದರು. ಒಳ್ಳೆಯ ಶಿಕ್ಷಕಿ ಎಂಬ ಹೆಸರೂ ಬಂತು. ಸೀತ್ಲಿ ಎಲ್ಲಿದ್ದಾಳೆ, ಆಮೇಲೆ ಯಾವುದಾದರೂ ಶಾಲೆಯ ಮೆಟ್ಟಿಲು ಹತ್ತಿದಳೋ ಇಲ್ಲವೋ, ಅವರಿಗೆ ಕೊನೆಗೂ ತಿಳಿಯಲಿಲ್ಲ.

ನೀತಿ: ಎಲ್ಲರೂ ಸಮಾನರು ಎಂದು ಬಾಯಲ್ಲಿ ಕಲಿಸಿ, ನಡೆಯಲ್ಲಿ ಕೆಲವರನ್ನು ಹೊರಗಿಟ್ಟರೆ, ಮಗು ಕಲಿಯುವುದು ನಡೆಯನ್ನೇ. ಒಂದೊಂದು ಮಗುವಿಗೆ ಒಂದೊಂದು ದಾರಿಯಲ್ಲಿ ಪಾಠ ತಲುಪುತ್ತದೆ. ಆ ದಾರಿ ಹುಡುಕುವುದು ಕಲಿಸುವವರ ಹೊಣೆ. ಅದನ್ನು ನಾಳೆ ನೋಡೋಣ ಎಂದರೆ, ನಾಳೆ ಆ ಮಗು ಅಲ್ಲಿರದೆ ಹೋಗಬಹುದು.