ಗೋಡೆಯಾಚೆಯ ಓದು

"ಅಯ್ಯನವರೇ, ಚಿಕ್ಕಂದಿನಲ್ಲಿ ನಮ್ಮ ತಾಯಿ ಸತ್ಯವೇದ ಓದುತ್ತಿದ್ದರೆ ಒಂದೊಂದು ಮಾತೂ ಎದೆಗೆ ಇಳಿಯುತ್ತಿತ್ತು. ಈಗ ದಿನವೂ ಬೆಳಿಗ್ಗೆ ನಾನೇ ಓದುತ್ತೇನೆ. ಅರ್ಥ ತಿಳಿಯುತ್ತದೆ, ರುಚಿ ಹತ್ತುವುದಿಲ್ಲ. ಆ ರುಚಿ ಎಲ್ಲಿ ಹೋಯಿತು?"

ಉಪದೇಶಿಯಾಗಲು ಕಲಿಯುತ್ತಿದ್ದ ಜಯಶೀಲ ತನ್ನ ಗುರು ದಾನಿಯೇಲಪ್ಪನವರನ್ನು ಹೀಗೆ ಕೇಳಿದ. ಗುರುಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಹೊತ್ತು ಮುಳುಗಿ ಮಗ್ಗ ನಿಂತ ಮೇಲೆ ಕೈಗಂಟಿದ ಗಂಜಿ ತೊಳೆದುಕೊಂಡು ಅವನು ಪಡಸಾಲೆಯಲ್ಲಿ ಕೂರುತ್ತಿದ್ದ. ಇಬ್ಬರು ಗಂಡುಮಕ್ಕಳು ಅವನ ಎಡಕ್ಕೊಬ್ಬ ಬಲಕ್ಕೊಬ್ಬ ಕೂರುತ್ತಿದ್ದರು. ಸತ್ಯವೇದದಿಂದ ದಿನಕ್ಕೊಂದು ಅಧ್ಯಾಯ ಓದುತ್ತಿದ್ದ. ಕೊನೆಯ ಪುಟ ಮುಗಿದರೆ ಮರುದಿನ ಮತ್ತೆ ಮೊದಲ ಪುಟ. ಓದಿದ್ದನ್ನು ಅವನು ವಿವರಿಸುತ್ತಿರಲಿಲ್ಲ. ಪ್ರತಿ ವಾಕ್ಯದ ಕೊನೆಯಲ್ಲಿ ಧ್ವನಿಯನ್ನು ಸ್ವಲ್ಪ ಎಳೆದು ನಿಲ್ಲಿಸುತ್ತಿದ್ದ, ಅಷ್ಟೆ. ಯೋಸೇಫನನ್ನು ಅಣ್ಣಂದಿರು ಗುಂಡಿಗೆ ತಳ್ಳಿದ ಅಧ್ಯಾಯ ಓದಿದ ಸಂಜೆ ಮಕ್ಕಳಿಗೆ ಊಟ ಸೇರುತ್ತಿರಲಿಲ್ಲ. ಕಳೆದುಹೋದ ಕುರಿ ಸಿಕ್ಕ ಸಂಜೆ ತಾಯಿ ರೊಟ್ಟಿಯ ಜೊತೆ ಬೆಲ್ಲ ಇಡುತ್ತಿದ್ದಳು.

ಮಕ್ಕಳು ಬೆಳೆದರು. ಮನೆಯ ಎರಡನೆಯ ಮಗ್ಗಕ್ಕೆ ಕೈ ಬೇಕಾಯಿತು. ದೊಡ್ಡವನು ಶಾಲೆ ಬಿಟ್ಟು ಮಗ್ಗದ ಕುಣಿಗೆ ಇಳಿದ. ಚಿಕ್ಕವನು ಶಾಲೆ ಮುಗಿಸಿದ, ಆಮೇಲೆ ಅವನೂ ನೇಕಾರನಾದ. ಇಬ್ಬರಿಗೂ ಮದುವೆಯಾಯಿತು. ಸಂಜೆಯ ಓದು ನಿಲ್ಲಲಿಲ್ಲ.

ತಾಯಿ ಮೊದಲು ಹೋದಳು, ಆಮೇಲೆ ತಂದೆ. ಅಣ್ಣತಮ್ಮಂದಿರು ಬೇರೆಯಾಗಲು ಒಪ್ಪಿದರು. ಮಗ್ಗ, ಪಾತ್ರೆ, ಹಾಸಿಗೆ ಎಲ್ಲವನ್ನೂ ಜಗಳವಿಲ್ಲದೆ ಹಂಚಿಕೊಂಡರು. ತಂದೆಯ ಸತ್ಯವೇದವೊಂದು ಉಳಿಯಿತು. ಅದನ್ನು ಎರಡು ಮಾಡುವ ಹಾಗಿರಲಿಲ್ಲ.

ಅಣ್ಣ ಅದರ ಮೇಲೆ ಕೈಯಿಟ್ಟು, "ಇದು ನನಗಿರಲಿ" ಅಂದ.

ತಮ್ಮನಿಗೆ ಸಿಟ್ಟು ಬಂತು. ಹೆಂಡತಿಯರ ಮುಂದೆ, ಪಂಚರಾಗಿ ಬಂದಿದ್ದ ಸಭೆಯ ಹಿರಿಯರ ಮುಂದೆ, "ನಿನಗ ಓದಾಕ ಎಲ್ಲಿ ಬರತೈತಿ? ಒತ್ತಕ್ಷರ ಬಂದ್ರ ನಿಂತು ಬಿಡ್ತಿ. ಇಟಗೊಂಡು ಏನು ಪೂಜಾ ಮಾಡ್ತಿಯೇನು?" ಅಂದ.

ತಾನು ಯಾರ ಸಲುವಾಗಿ ಶಾಲೆ ಬಿಟ್ಟೆ ಎಂದು ಅಣ್ಣ ಕೇಳಬಹುದಿತ್ತು. ಕೇಳಲಿಲ್ಲ. ಪುಸ್ತಕವನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದ. ಅಂದಿನಿಂದ ಅವರ ನಡುವೆ ಮಾತು ನಿಂತಿತು. ಪಡಸಾಲೆಯ ನಡುವೆ ಮಣ್ಣಿನ ಗೋಡೆ ಎದ್ದಿತು. ಸಭೆಯಲ್ಲಿ ಕರ್ತನ ಭೋಜನದ ರೊಟ್ಟಿ ಹಂಚುವ ದಿನ ಒಬ್ಬ ಹೋಗಿ ತೆಗೆದುಕೊಂಡು ಬಂದು ಕೂತ ಮೇಲೆ ಇನ್ನೊಬ್ಬ ಏಳುತ್ತಿದ್ದ. ಸಭೆಯ ಅಯ್ಯಗಳು ಎಷ್ಟು ಹೇಳಿದರೂ ಅದು ಬದಲಾಗಲಿಲ್ಲ.

ತಮ್ಮ ಪಟ್ಟಣಕ್ಕೆ ಹೋಗಿ ಹೊಸ ಸತ್ಯವೇದ ತಂದ. ತಂದೆ ನಿಲ್ಲಿಸಿದ್ದ ಅಧ್ಯಾಯದಿಂದಲೇ ಶುರುಮಾಡಿದ. ಅವನ ಓದು ನೀರು ಹರಿದಂತೆ ಇತ್ತು. ಭಾನುವಾರ ಆರಾಧನೆಯಲ್ಲಿ ಓದಲು ಸಭೆಯವರು ಅವನನ್ನೇ ಕರೆಯುತ್ತಿದ್ದರು, ಚೆನ್ನಾಗಿ ಓದಿದೆ ಎನ್ನುತ್ತಿದ್ದರು. ಮನೆಯಲ್ಲಿ ದೀಪದ ಮುಂದೆ ಕೂತರೆ ಮಾತ್ರ ಮಾತುಗಳು ಬಾಯಲ್ಲೇ ಮುಗಿದುಹೋಗುತ್ತಿದ್ದವು. ಅವನು ಉಪವಾಸ ಮಾಡಿದ. ದೂರದ ಊರುಗಳ ಪ್ರಾರ್ಥನಾ ಕೂಟಗಳಿಗೆ ಹೋದ. ಬರಿಗೈಯಲ್ಲಿ ಬಂದ. ಕೊನೆಗೆ, ತಂದೆಯ ಪುಸ್ತಕದಲ್ಲೇ ಏನೋ ಇತ್ತು, ಅದನ್ನು ಅಣ್ಣ ಹೊತ್ತುಕೊಂಡು ಹೋದ ಎಂದುಕೊಂಡ.

ಗೋಡೆ ಜಂತೆಯವರೆಗೆ ಏರಿರಲಿಲ್ಲ. ಆಚೆಯ ಮಾತು ಈಚೆಗೆ ಕೇಳುತ್ತಿತ್ತು. ಅಣ್ಣನೂ ತಂದೆ ನಿಲ್ಲಿಸಿದ್ದ ಕಡೆಯಿಂದಲೇ ಓದುತ್ತ ಬಂದಿದ್ದ. ಅಕ್ಷರಕ್ಕೆ ಅಕ್ಷರ ಕೂಡಿಸಿ, ಎಡವಿ, ಹಿಂದಕ್ಕೆ ಹೋಗಿ ಓದುತ್ತಿದ್ದ. ತಮ್ಮ ಮೊದಮೊದಲು ಅದನ್ನು ಕೇಳಿ ನಗುತ್ತಿದ್ದ. ಒಂದು ಸಂಜೆ ನಗು ಬರಲಿಲ್ಲ. ವಾಕ್ಯದ ಕೊನೆಯಲ್ಲಿ ಅಣ್ಣನ ಧ್ವನಿ ತಂದೆಯ ಧ್ವನಿಯ ಹಾಗೆಯೇ ಎಳೆದು ನಿಂತಿತು. ತಮ್ಮನ ಕೈ ಪುಟದ ಮೇಲೆ ಹಾಗೇ ಉಳಿಯಿತು. ರೊಟ್ಟಿ ಸುಡುವ ವಾಸನೆ, ಒಲೆಯ ಮುಂದೆ ತಾಯಿಯ ಬೆನ್ನು, ತಂದೆಯ ಮೊಣಕಾಲಿನ ಆಚೆಯಿಂದ ತನ್ನ ಕಡೆ ನೋಡುತ್ತಿದ್ದ ಅಣ್ಣನ ಮುಖ, ಎಲ್ಲವೂ ನೆನಪಾದವು.

ಆಮೇಲೆ ಅವನು ತನ್ನ ಓದನ್ನು ಬೇಗ ಮುಗಿಸತೊಡಗಿದ. ಕೆಲವು ಸಂಜೆ ಓದುತ್ತಲೇ ಇರಲಿಲ್ಲ.

"ಪುಸ್ತಕ ತೆರದೇ ಇಲ್ಲಲ್ರಿ" ಎಂದಳು ಹೆಂಡತಿ.

"ಸುಮ್ಮನಿರು, ಅಣ್ಣ ಓದಾಕತ್ತಾನ" ಎಂದ ತಮ್ಮ.

ಹೀಗೆ ಓದುತ್ತ ಓದುತ್ತ ಆಚೆಯ ಓದು ಯಾಕೋಬ ಊರಿಗೆ ಮರಳುವ ಅಧ್ಯಾಯಕ್ಕೆ ಬಂತು. ಯಾಕೋಬ ಅಣ್ಣ ಏಸಾವನಿಗೆ ಮೋಸ ಮಾಡಿ ಓಡಿಹೋದವನು. ವರ್ಷಗಳಾದ ಮೇಲೆ ಹೆದರುತ್ತ, ಹೆಜ್ಜೆಹೆಜ್ಜೆಗೂ ಬಗ್ಗುತ್ತ ಬರುತ್ತಿದ್ದಾನೆ. ಏಸಾವ ಅವನನ್ನು ಎದುರುಗೊಳ್ಳಲು ಓಡಿ ಬರುತ್ತಾನೆ. ಓಡಿ ಬಂದ ಎನ್ನುವವರೆಗೆ ಅಣ್ಣ ಓದಿದ. ಅಲ್ಲಿ ಧ್ವನಿ ನಿಂತಿತು. ಮತ್ತೆ ಮೊದಲಿಂದ ಓದಿದ, ಮತ್ತೆ ಅಲ್ಲೇ ನಿಂತ.

ಮುಂದೆ ಒತ್ತಕ್ಷರವಿದೆ ಎಂದು ತಮ್ಮನಿಗೆ ಗೊತ್ತಿತ್ತು. ಸ್ವಲ್ಪ ಕಾದ. ಮೂರನೆಯ ಸಲವೂ ಅಣ್ಣ ನಿಂತಾಗ ತಡೆಯಲಾಗದೆ ಗೋಡೆಯ ಕಡೆ ತಿರುಗಿ, "ಅಪ್ಪಿಕೊಂಡನು" ಅಂದ.

ಅಣ್ಣನನ್ನು ಇನ್ನೊಮ್ಮೆ ನೋಯಿಸಿದೆನೇನೋ ಎಂದು ತಮ್ಮ ನಾಲಿಗೆ ಕಚ್ಚಿಕೊಂಡ.

ಆಚೆಯಿಂದ ಅಣ್ಣನ ಧ್ವನಿ ಬಂತು. "ಅಕ್ಷರ ಗೊತ್ತೈತಿ, ತಮ್ಮಾ. ಗಂಟಲು ಬಿಡವಲ್ದು."

ತಮ್ಮ ಎದ್ದ. ಚಪ್ಪಲಿ ಹುಡುಕಲಿಲ್ಲ. ಬೀದಿಗೆ ಇಳಿದು ಅಣ್ಣನ ಬಾಗಿಲಿಗೆ ಹೋಗುವಷ್ಟರಲ್ಲಿ ಅಣ್ಣ ಹೊರಗೆ ಬಂದು ನಿಂತಿದ್ದ. ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ತಮ್ಮ ಬಾಯಿ ತೆರೆದ. ಅಣ್ಣ ಅವನ ತೋಳು ಹಿಡಿದು, "ಒಳಗ ಬಾ, ಅಧ್ಯಾಯ ಮುಗಿದಿಲ್ಲ" ಅಂದ.

ಇಬ್ಬರೂ ಒಂದೇ ಚಾಪೆಯ ಮೇಲೆ ಕೂತರು. ಉಳಿದದ್ದನ್ನು ಅಣ್ಣನೇ ಓದಿದ. ಎಡವಿದಲ್ಲಿ ತಮ್ಮ ತಿದ್ದಲಿಲ್ಲ, ಕಾದ. ಗೋಡೆಯನ್ನು ಅವರು ಕೆಡವಲಿಲ್ಲ. ಎರಡು ಮನೆಯ ನೂಲಿನ ಲಡಿಗಳನ್ನು ಅದಕ್ಕೇ ತೂಗುಹಾಕಿದ್ದರು. ಆದರೆ ಅಂದಿನಿಂದ ಅಣ್ಣನ ಸಾವಿನವರೆಗೂ ಸಂಜೆಯ ಓದು ಒಂದು ಕಡೆಯೇ ನಡೆಯಿತು. ತಮ್ಮನಿಗೆ ಪ್ರತಿ ಮಾತೂ ಮೊದಲಿನ ಹಾಗೆ ಎದೆಗೆ ಇಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಜಯಶೀಲ ಸ್ವಲ್ಪ ಯೋಚಿಸಿ, "ಹಾಗಾದರೆ ರುಚಿಯೆಲ್ಲ ಆ ಹಳೆಯ ಪುಸ್ತಕದಲ್ಲೇ ಇತ್ತೇ, ಅಯ್ಯನವರೇ?" ಎಂದು ಕೇಳಿದ.

ದಾನಿಯೇಲಪ್ಪನವರು ಅವನ ಮುಖವನ್ನೇ ನೋಡಿದರು.

"ನಿಮ್ಮ ತಾಯಿ ಓದುವಾಗ ನಿನ್ನ ಪಕ್ಕದಲ್ಲಿ ಕೂತು ಕೇಳುತ್ತಿದ್ದವರು ಈಗ ಎಲ್ಲಿದ್ದಾರೆ?"

ಜಯಶೀಲ ತಲೆ ತಗ್ಗಿಸಿದ.