ಕಪ್ಪೆ ಇಲ್ಲದ ಕೆರೆ ನೀರು

ಯಾರಿಗೂ ಹೇಳಬೇಡಿ ಅಂದರೂ ನೀವು ಹೇಳದೆ ಬಿಡೋರಲ್ಲ. ಅದಕ್ಕೇ ನಾನೇ ನೆಟ್ಟಗೆ ಹೇಳಿಬಿಡ್ತೀನಿ.

ನಮ್ಮೂರ ಕೆರೇಲಿ ಮೀನು ಹಿಡಿದು ಬದುಕೋ ಚಿಕ್ಕತಾಯಿಗೆ ಒಬ್ಬನೇ ಮಗ, ದೊಡ್ಡಬೋರ. ಆಳೆತ್ತರ ಬೆಳೆದಿದ್ದ, ಬುದ್ಧಿ ಮೊಣಕಾಲಿಗೇ ನಿಂತಿತ್ತು. "ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ ಕಣಕ್ಕ, ಅದೇ ನನ್ನ ಕರ್ಮ" ಅಂತ ನನ್ನ ಜಗಲಿ ಮೇಲೆ ಕೂತು ಅಳೋಳು.

ಆ ವರ್ಷ ಅವಳ ಬಲೆಗೆ ಮರಿಮೀನೂ ಬೀಳಲಿಲ್ಲ. ಚೇರ್ಮನ್ ಮಲ್ಲರಾಜಪ್ಪನ ಬಾಮೈದ ತಿಪ್ಪೇಶಿ, ಹೋಟೆಲಿಗೆ ಮಾರ್ತೀನಿ ಅಂತ ಪರದೇಶದ ಕಪ್ಪೆ ಸಾಕಿದ್ದ. ಒಂದೊಂದೂ ತೆಂಗಿನಕಾಯಿ ಗಾತ್ರ. ಕೊಳ್ಳೋರು ಸಿಗದೆ ಕದ್ದು ಕೆರೆಗೆ ಬಿಟ್ಟ. ಅವು ಜೊಂಡಿನಲ್ಲಿ ಅಡಗಿ ಮರಿಮೀನೆಲ್ಲ ನುಂಗಿದವು. ಊರಿಗೆಲ್ಲ ಗುಮಾನಿ, ಬಾಯಿ ಬಿಡೋ ಗಂಡಸು ಒಬ್ಬನಿಲ್ಲ.

ಆಗ ಪಟ್ಟಣದಿಂದ ಕಪ್ಪೆ ಪರೀಕ್ಷೆ ಮಾಡೋ ಮೇಡಂ ಬಂದರು. "ಕಪ್ಪೆ ಕಣ್ಣಿಗೆ ಬೀಳಬೇಕಾಗಿಲ್ಲಮ್ಮ. ಅದರ ಮೈಯಿಂದ ಕಳಚಿದ್ದು ನೀರಲ್ಲಿರುತ್ತೆ. ನೀರು ನೋಡಿದರೆ ಯಾವ ಕಪ್ಪೆ ಅಂತ ಗೊತ್ತಾಗುತ್ತೆ. ಇದ್ದರೆ ಮೀನಿನ ಇಲಾಖೆಯವರು ಹಿಡಿಸ್ತಾರೆ" ಅಂದರು. ಚಿಕ್ಕತಾಯಿ ಮಗನನ್ನೇ ನೀರು ತರೋ ಕೆಲಸಕ್ಕೆ ಸೇರಿಸಿದಳು.

"ನೀರಿಗೆ ಕೈ ಹಾಕಬೇಡ" ಅಂದರು ಮೇಡಂ. ಇವನು ಬಾಟಲೀನ ಪಾದಕ್ಕೆ ಕಟ್ಟಿಕೊಂಡು ಕಾಲು ಹಾಕಿದ.

"ಕಾಲಿನ ಕೊಳೆಯೆಲ್ಲ ಸೇರಿತಲ್ಲಪ್ಪ. ಬಾಟಲೀನ ಕೋಲಿಗೆ ಕಟ್ಟು. ನೀರನ್ನ ಈ ಕಾಗದದಲ್ಲಿ ಸೋಸು."

ಸೋಸಿದ. ನೀರು ತಂದ, ಕಾಗದ ಬಿಸಾಕಿದ.

"ಕಾಗದ ಎಲ್ಲೋ?"

"ಸೋಸಿದ ಮೇಲೆ ಚರಟ ಯಾರು ಇಟ್ಕೋತಾರೆ ಮೇಡಂ?"

"ಅಯ್ಯೋ ಪುಣ್ಯಾತ್ಮ, ಕಪ್ಪೆ ಮೈಯಿಂದ ಕಳಚಿದ್ದು ಕಾಗದದಲ್ಲೇ ನಿಲ್ಲುತ್ತೆ. ನೀರು ಚೆಲ್ಲು. ಉಳಿದಿದ್ದನ್ನ ಜೋಪಾನವಾಗಿ ಕೊಡು."

ಮನೆಗೆ ಬಂದರೆ ಹೆಣ್ಣಿನ ಕಡೆಯವರು ಗಂಡು ನೋಡೋಕೆ ಕೂತಿದ್ದರು. "ಕಾಫಿ ಸೋಸಿ ಕೊಡೋ" ಅಂದಳು ಅವ್ವ. ಸೋಸಿದ. ಕಾಫೀನ ಬಚ್ಚಲಿಗೆ ಚೆಲ್ಲಿದ, ಚರಟಾನ ತಟ್ಟೇಲಿಟ್ಟು ಜೋಪಾನವಾಗಿ ಕೊಟ್ಟ. ನಾನು ಸೆರಗು ಕಚ್ಚಿ ನಗು ತಡೆದೆ, ಅವರು ಚಪ್ಪಲಿ ಮೆಟ್ಟಿ ಹೊರಟರು.

"ಇನ್ಮೇಲೆ ಯಾರು ಏನೇ ಹೇಳಲಿ, ಕಣ್ಣಾರೆ ನೋಡಿ ಮಾಡೋ ಮುಂಡೇದೆ" ಅಂತ ಅವ್ವ ಬೈದಳು.

ಮಾರನೇ ದಿನ ಮಲ್ಲರಾಜಪ್ಪ ದಾರೀಲಿ ಇವನ ಹೆಗಲ ಮೇಲೆ ಕೈ ಹಾಕಿದ. "ನೋಡೋ ಬೋರ, ಕಪ್ಪೆ ಬಿಟ್ಟೋನು ನಮ್ಮ ತಿಪ್ಪೇಶಿ. ತಿಳಿದರೆ ನನ್ನ ಮಾನ ಹೋಗುತ್ತೆ. ಮೇಡಮ್ಮಿಗೆ ಕಪ್ಪೆ ಇಲ್ಲದ ನೀರು ಸೋಸಿ ಕೊಡು." ಪೆದ್ದನ ಕಿವೀಲಿ ಗುಟ್ಟು ಊದಿದ ಇವನೆಂಥ ಜಾಣನೋ!

ಬೋರ ಕೆರೆ ನೀರು ಮೊಗೆದ. ಬಾಟಲೀನ ಬಿಸಿಲಿಗೆ ಹಿಡಿದು ಕಣ್ಣಾರೆ ನೋಡಿದ. ಒಳಗೆ ಕಪ್ಪೆ ಇರಲಿಲ್ಲ. ಸೋಸಿದ, ನೀರು ಚೆಲ್ಲಿದ, ಕಾಗದ ಕೊಟ್ಟ.

ಪರೀಕ್ಷೆಯಾಗಿ ಬಂತು. ಕೆರೇಲಿ ಇರೋದು ಪರದೇಶದ ಕಪ್ಪೇನೇ. ಇಲಾಖೆಯವರು ಬಂದು ಊರು ಸೇರಿಸಿದರು. ಮಲ್ಲರಾಜಪ್ಪ ಬೋರನನ್ನ ಮೂಲೆಗೆ ಎಳೆದ.

"ಕಪ್ಪೆ ಇಲ್ಲದ ನೀರು ಅಂದಿರಲಿಲ್ವೇನೋ?"

"ಒಂದೂ ಇರಲಿಲ್ಲ ಯಜಮಾನ್ರೆ, ನೋಡೇ ಸೋಸಿದೆ."

"ಹಾಳಾಗೋಗು. ಇನ್ನು ಯಾರೇ ಕೇಳಲಿ, ಬಾಯಿ ಮುಚ್ಕೊಂಡಿರು."

ಇಲಾಖೆ ಸಾಹೇಬರು ಕೇಳಿದರು: "ಕಪ್ಪೆ ಬಿಟ್ಟೋರು ಯಾರು? ಹಿಡಿಯೋ ಕೆಲಸಾನೂ ಅವರದೇ."

ಬೋರ ಎಡಗೈಲಿ ಬಾಯಿ ಭದ್ರವಾಗಿ ಮುಚ್ಚಿಕೊಂಡು, ಬಲಗೈ ಬೆರಳನ್ನ ತಿಪ್ಪೇಶಿ ಮೂಗಿಗೆ ಮುಟ್ಟಿಸಿ ನಿಂತ.

"ಕೈ ಇಳಿಸೋ" ಅಂತ ಹಲ್ಲು ಕಡಿದ ಮಲ್ಲರಾಜಪ್ಪ.

ಬೋರ ಬೆರಳ ಸಂದಿಯಿಂದಲೇ ಕೇಳಿದ: "ಯಾವ ಕೈ ಯಜಮಾನ್ರೆ? ನೀವು ಹೇಳಿದ ಹಾಗೆ ಬಾಯಿ ಮುಚ್ಚಿದ್ದಾ, ತಿಪ್ಪೇಶಣ್ಣನ್ನ ತೋರಿಸಿದ್ದಾ?"