ರಿಪೇರಿಯವನೆದುರು ಕೆಡದ ವೈಫೈ

“ಗುರುಗಳೇ, ನಿಮ್ಮೆದುರು ಕೂತಾಗ ನನಗೆ ಸಿಟ್ಟೇ ಬರುವುದಿಲ್ಲ. ಮನೆಗೆ ಹೋಗಿ ಹತ್ತು ಜನರ ನಡುವೆ ನಿಂತರೆ ಗಳಿಗೆಯೊಳಗೆ ತಾಳ್ಮೆ ಕಡಿದುಹೋಗುತ್ತದೆ. ನಿನ್ನೆ ಸೊಸೆಯ ಮೇಲೆ ಕೈ ಎತ್ತಿಬಿಟ್ಟೆ. ಇಲ್ಲಿಗೆ ಬಂದು ನನ್ನೊಳಗೆ ಹುಡುಕಿಕೊಂಡರೆ ದೋಷವೇ ಸಿಗುವುದಿಲ್ಲ. ಎಲ್ಲಿದೆ ಅದು?” ಎಂದು ಒಬ್ಬ ಶಿಷ್ಯೆ ಕೇಳಿದಳು.

ಗುರು ಹೇಳಿದರು:

ಗುಡ್ಡದ ಮೇಲಿನ ಊರೊಂದರಲ್ಲಿ ಒಬ್ಬ ದಾದಿ ಇದ್ದಳು. ವೈದ್ಯೆ ಇದ್ದದ್ದು ದೂರದ ಪಟ್ಟಣದಲ್ಲಿ. ಹೆರಿಗೆ ಕಷ್ಟವಾದರೆ ದಾದಿ ವೈಫೈಯಲ್ಲಿ ವೈದ್ಯೆಯನ್ನು ಫೋನಿನ ಪರದೆಗೆ ಕರೆದು, ಅವಳು ಹೇಳಿದಂತೆ ಮಾಡುತ್ತಿದ್ದಳು. ಊರಿನಲ್ಲಿ ಬೇರೆ ಸಿಗ್ನಲ್ ಇರಲಿಲ್ಲ. ವೈಫೈ ಕಂಬವನ್ನು ಗುಡ್ಡಕ್ಕೆ ಹೊತ್ತವರು ಊರವರೇ. ಆ ಉಪಕಾರಕ್ಕೆ ದಾದಿ ಎಲ್ಲರಿಗೂ ಪಾಸ್‌ವರ್ಡ್ ಕೊಟ್ಟಿದ್ದಳು. ಕೊಟ್ಟು ಮರೆತಿದ್ದಳು.

ಬೇರೆ ಹೊತ್ತಿನಲ್ಲಿ ಚೆನ್ನಾಗಿರುತ್ತಿದ್ದ ವೈಫೈ ಹೆರಿಗೆಯ ಹೊತ್ತಿಗೆ ಕಡಿದುಹೋಗುತ್ತಿತ್ತು. ಒಮ್ಮೆ ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿದ್ದಾಗ ವೈದ್ಯೆಯ ಮುಖ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ಆ ಮಗು ಉಳಿಯಲಿಲ್ಲ. ಅದೇ ತಾಯಿ ಈಗ ಮತ್ತೆ ಬಸುರಿ.

ದಾದಿ ರಿಪೇರಿಯವನನ್ನು ಕರೆಸಿದಳು. ಅವನು ಪಟ್ಟಣಕ್ಕೆ ಕರೆ ಮಾಡಿ ಒಂದು ಗಂಟೆ ಮಾತಾಡಿ ನೋಡಿದ. ಎಲ್ಲೂ ಕಡಿಯಲಿಲ್ಲ. “ಇದನ್ನು ಎಷ್ಟು ಜನ ಬಳಸುತ್ತೀರಿ?” ಎಂದು ಕೇಳಿದ. “ನಾನೊಬ್ಬಳೇ” ಎಂದಳು ದಾದಿ. ಮುಂದಿನ ಹೆರಿಗೆಯಲ್ಲಿ ಮತ್ತೆ ಕಡಿಯಿತು. ಅವನು ಬಂದು ತಂತಿ ಬದಲಿಸಿದ. ಮತ್ತೆ ಕಡಿಯಿತು. ಮೂರನೆಯ ಸಲ ವೈಫೈ ಪೆಟ್ಟಿಗೆಯನ್ನೇ ಬದಲಿಸಿದ.

“ಹಳೆಯದರಲ್ಲೂ ಏನೂ ಕೆಟ್ಟಿರಲಿಲ್ಲ ಅಕ್ಕ” ಎಂದ.

“ಹಾಗಾದರೆ ಕೆಟ್ಟಿರೋದು ನನ್ನ ತಲೆಯಾ?” ಎಂದಳು ದಾದಿ.

ಇಬ್ಬರಿಗೂ ದಿಕ್ಕು ತೋಚಲಿಲ್ಲ. ಗಾಳಿ ಎಂದರು ಕೆಲವರು, ಗ್ರಹಚಾರ ಎಂದರು ಕೆಲವರು. ದಾದಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ನಂಬಿದಳು.

ಪೆಟ್ಟಿಗೆ ಬದಲಿಸಿದ ಆ ದಿನ ರಿಪೇರಿಯವನು ತನ್ನ ಉಪಕರಣದ ಚೀಲವನ್ನು ಹಾಲಿನ ಗಾಡಿಯಲ್ಲಿ ಮುಂದೆ ಕಳಿಸಿ, ದಾದಿಯ ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂತ. ಚೀಲ ಹೋದದ್ದನ್ನು ಕಂಡವರು ಅವನೂ ಹೋದನೆಂದುಕೊಂಡರು. ಅಷ್ಟರಲ್ಲಿ ಮಗು ಕಳೆದುಕೊಂಡಿದ್ದ ಆ ತಾಯಿಗೆ ದಿನ ತುಂಬುವ ಮೊದಲೇ ನೋವು ಬಂತು. ಹೊತ್ತು ತಂದರು. ದಾದಿ ವೈದ್ಯೆಯನ್ನು ಕರೆದಳು.

“ತಲೆ ಬಂತಲ್ಲ, ಈಗ ಬಳ್ಳಿಯ ಕೆಳಗೆ ಬೆರಳು...” ಎನ್ನುವಷ್ಟರಲ್ಲಿ ವೈದ್ಯೆಯ ಮುಖ ನಿಂತಿತು.

ದಾದಿ ಚೀರಿದಳು. ರಿಪೇರಿಯವನು ಎಂಜಲು ಕೈಯಲ್ಲೇ ಜಗಲಿಗೆ ಓಡಿ ಬಂದ. ಅಲ್ಲಿ ನಲವತ್ತು ಜನ ಕೂತಿದ್ದರು. ಹೆರಿಗೆಗೆ ಬಂಧುಗಳೆಲ್ಲ ಜಗಲಿಯಲ್ಲಿ ಕೂರುವುದು ಆ ಊರಿನ ಪದ್ಧತಿ. ಬರಲಾಗದವರನ್ನು ಈಗೀಗ ಫೋನಿನಲ್ಲಿ ಕೂರಿಸುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ದಾದಿಯ ವೈಫೈಯಲ್ಲೇ ಒಂದೊಂದು ಮುಖ ಮಾತಾಡುತ್ತಿತ್ತು.

“ಮೂರು ಸಲ ಬಂದೆನಲ್ಲ, ಒಬ್ಬರ ಕೈಯಲ್ಲೂ ಫೋನು ಕಾಣಲಿಲ್ಲ!” ಎಂದ ಅವನು.

“ನೀ ಬಂದಾಗೆಲ್ಲ ಆಫ್ ಮಾಡಿ ಇಡ್ತಿದ್ವಲ್ಲೋ ಮಾರಾಯ” ಎಂದಳು ಒಬ್ಬ ಮುದುಕಿ. “ಬಾವಿ ರಿಪೇರಿಗೆ ಆಳು ಇಳಿದಿರೋವಾಗ ಯಾರಾದ್ರೂ ಕೊಡ ಬಿಡ್ತಾರಾ? ನಮಗೂ ಮರ್ಯಾದೆ ಗೊತ್ತು.”

“ಆ ಮರ್ಯಾದೆ ಈಗ ತೋರಿಸಿ ಅಜ್ಜಿ!”

ನಲವತ್ತು ಫೋನುಗಳು ಆರಿದವು. ಒಳಗೆ ವೈದ್ಯೆಯ ದನಿ ತಿರುಗಿ ಬಂತು. ಸ್ವಲ್ಪ ಹೊತ್ತಿಗೆ ಮಗು ಅತ್ತಿತು.

ಗುರು ಕತೆ ನಿಲ್ಲಿಸಿದರು. ಶಿಷ್ಯೆಗೆ ಗೊಂದಲ ಹೋಗಿರಲಿಲ್ಲ.

“ಆದರೆ ನಾನು ಇಲ್ಲಿಗೆ ಒಬ್ಬಳೇ ಬರುತ್ತೇನಲ್ಲ, ಗುರುಗಳೇ?” ಎಂದಳು.

“ನಾಳೆ ಮನೆಯವರನ್ನೆಲ್ಲ ಕರೆದುಕೊಂಡು ಬಾ” ಎಂದರು ಗುರು.